ಮೇಲಕ್ಕೆ ಹಾರುವ ಹಿಮ

ಗೋಂಧ್ಲಾ, ಲಾಹೌಲ್

ಪಾಂಗ್ತೀ ಮೇಡಂ ಅವರಿಗೆ ಅಂಗ್ರೂಪನ ಜೂಲೇ.

ನೀವು ನನ್ನ ಅಂಗಳದಲ್ಲಿ ನಿಲ್ಲಿಸಿದ ಯಂತ್ರ ಹಿಮದ ಎಸಳು ನೆಲಕ್ಕಿಳಿಯುವ ವೇಗವನ್ನಷ್ಟೇ ಅಳೆಯುತ್ತದೆ ಎಂದಿರಿ. ಟರ್ಮಿನಲ್ ವೆಲಾಸಿಟಿ. ಕಾಲೇಜಿನಲ್ಲಿ ನಾನೂ ಓದಿದ್ದೆ, ಬಸ್ಸಿಗೆ ಸಂಬಂಧಪಟ್ಟದ್ದೆಂದು ನೆನಪು. ಇರಲಿ, ಅದಕ್ಕೆ ಕ್ಯಾಮೆರಾ ಏಕೆ? ಅದೂ ನನ್ನ ಬಾಗಿಲಿಗೇ ಮುಖಮಾಡಿ?

ನಿನ್ನೆ ನಿಮ್ಮ ಸಹಾಯಕ ತಂಡುಪ್ ಬಂದು ಹಲ್ಲು ಕಿರಿದ. "ಮೇಡಂ ಲೆಕ್ಕ ಕೂಡ್ತಿಲ್ಲ ಕಾಕಾ. ಹೋದ ವಾರ ದಿನಾ ಸಂಜೆ ನಿಮ್ಮನೆ ಮುಂದೆ ಹಿಮ ಮೇಲಕ್ಕೆ ಹಾರಿದೆ. ಯಾರು ಊದ್ತಾರೆ?" ಅವನಿಗೆ ಏನೋ ಗೊತ್ತಿದೆ. ಬಾಗಿಲು ತೆರೆದರೆ ಒಲೆಯ ಬಿಸಿಗಾಳಿ ಹೊರಗೆ ನುಗ್ಗುತ್ತದೆ, ಅಷ್ಟೇ. ಹೆಂಡತಿ ತೀರಿಕೊಂಡವನು ಸಂಜೆ ಬಾಗಿಲು ತೆರೆಯಬಾರದೇ?

ಮೇಲಿನ ಮನೆಯ ಪಾಲ್ಮೊ, ಅವಳೂ ಒಂಟಿ, ಬೆಣ್ಣೆ ಹಾಕಿ ಉಪ್ಪು ಚಹಾ ಚೆನ್ನಾಗಿ ಕಡೆಯುತ್ತಾಳೆ, ಅದು ಬೇರೆ ಮಾತು, "ಆ ಕಣ್ಣು ಅಲ್ಲಿರೋ ತನಕ ನಾನು ಈ ಹೊಸ್ತಿಲು ತುಳಿಯಲ್ಲ" ಎಂದು ಮೊನ್ನೆ ಹೋದವಳು ಮತ್ತೆ ಬಂದಿಲ್ಲ. ನಾನು ಕಡೆದ ಚಹಾ ನಾನೇ ಕುಡಿಯಲಾರೆ.

ಆದ್ದರಿಂದ ಯಂತ್ರವನ್ನು ಕೊಟ್ಟಿಗೆಯ ಕಡೆ ತಿರುಗಿಸಿ. ಈವರೆಗಿನ ಚಿತ್ರಗಳಲ್ಲಿ ಹಿಮದ ನಡುವೆ ಕೆಂಪು ಶಾಲಿನ ಅಂಚು ಕಂಡರೆ, ದಯವಿಟ್ಟು ಅದನ್ನೂ ಗಾಳಿ ಎಂದೇ ಲೆಕ್ಕಕ್ಕೆ ಹಿಡಿಯಿರಿ.

ಯುವರ್ಸ್ ಫೇತ್‌ಫುಲ್ಲಿ,
ಅಂಗ್ರೂಪ್