ಗೋದಲಿಯೊಳಗಿನ ಮುದ್ದೆ

ಜೂನ್ ೧೪, ಮಂಗಳವಾರ. ಸೆಮೊಂಕೊಂಗ್

ಲಿನೆಯೊ ಇವತ್ತು ನನ್ನನ್ನೊಂದು ಪ್ರಶ್ನೆ ಕೇಳಿದಳು. ಅದೇ ಕೊರೆಯುತ್ತಿದೆ.

ಬೆಳಿಗ್ಗೆ ಖುನ್ವಾನ ಎಂಬ ನಮ್ಮ ಕುದುರೆ ಹೊಟ್ಟೆನೋವಿನಿಂದ ನೆಲದಲ್ಲಿ ಹೊರಳುತ್ತಿತ್ತು. ಗೋದಲಿಯ ಹುಲ್ಲಿನಡಿ ಬೂಷ್ಟು ಹಿಡಿದ ಮೆಕ್ಕೆಜೋಳದ ಮುದ್ದೆಯ ಚೂರುಗಳಿದ್ದವು. ಅಡಗಿಸಿಟ್ಟವಳು ಲಿನೆಯೊ. ಎಂಟು ವರ್ಷದ ಹುಡುಗಿ, ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಸಿಕ್ಕಿದವಳು. ನಾನು ಕೆಲಸ ಮಾಡುವ ಈ ಅನಾಥಾಲಯಕ್ಕೆ ಬಂದ ಮಕ್ಕಳೆಲ್ಲ ಮೊದಮೊದಲು ಊಟ ಬಚ್ಚಿಡುತ್ತಾರೆ, ಹೆಚ್ಚಾಗಿ ದಿಂಬಿನಡಿ. ಇವಳು ತಾನು ದಿನವೂ ಮೈಯುಜ್ಜುವ ಕುದುರೆಯನ್ನು ನಂಬಿದ್ದಳು.

"ಇವಳನ್ನ ಇನ್ನು ಲಾಯದ ಹತ್ರ ಬಿಡಬೇಡಿ," ಎಂದರು ಮೇಲ್ವಿಚಾರಕಿ ಮಾತ್ಸೆಪೊ ಅಮ್ಮ.

ಕುದುರೆಯನ್ನು ಎಬ್ಬಿಸಿ ನಡೆಸುತ್ತಿದ್ದ ಲಾಯದಾಳು ಮೊಖೇಲೆ ನಿಲ್ಲದೆಯೇ ಹೇಳಿದ: "ಹೋಗ್ಲಿ ಬಿಡಿ ತಾಯಿ. ನನ್ನ ಮಗಳ ಮದುವೇಲಿ ಹೊದ್ದ ಕಂಬಳಿಯೊಳಗೆ ಮಾಂಸ ಮುಚ್ಕೊಂಡು ಹೋದೋರು ಯಾರು?"

"ಅದು ನನ್ನತ್ತೆಗೆ ಕಣಯ್ಯಾ!"

ಅಮ್ಮನ ತುಟಿಯಲ್ಲಿ ನಗು ಬಂತು. ಆದರೆ ಅಪ್ಪಣೆ ಬದಲಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಖುನ್ವಾನ ಲದ್ದಿ ಹಾಕಿತು. ಇನ್ನು ಅಪಾಯವಿಲ್ಲ ಎಂದ ಮೊಖೇಲೆ. ಬೇಲಿಯಾಚೆ ನಿಂತಿದ್ದ ಲಿನೆಯೊ ಬಂದು ನನ್ನ ತೋಳು ಹಿಡಿದಳು. ಅವಳಾಗಿಯೇ ಯಾರನ್ನಾದರೂ ಮುಟ್ಟಿದ್ದು ಇದೇ ಮೊದಲು.

"ಅಕ್ಕಾ, ಅಷ್ಟೊಂದು ಹುಲ್ಲಿತ್ತಲ್ಲ, ಆದ್ರೂ ನನ್ನದ್ಯಾಕೆ ತಿಂತು? ನಾಳೆ ಹಾಕ್ತಾರೋ ಇಲ್ವೋ ಅಂತ ಅದಕ್ಕೂ ಭಯನಾ?"

ಇಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅವಳು ನಂಬುವವಳಲ್ಲ. ನಾಳೆ ಬೆಳಿಗ್ಗೆ ಖುನ್ವಾನನಿಗೆ ಅವಳೇ ಹುಲ್ಲು ಹಾಕಬೇಕು, ನಾಡಿದ್ದೂ ಅವಳೇ; ಆಗ ದಿನವೂ ಹುಲ್ಲು ಸಿಗುತ್ತದೆಂದು ತಾನೇ ಕಾಣುತ್ತಾಳೆ. ಅದನ್ನು ಮಾತ್ಸೆಪೊ ಅಮ್ಮನಿಗೆ ಎಲ್ಲರೆದುರು, ಕೇಳಿಸುವ ಹಾಗೆ ಹೇಳಬೇಕಾದವಳು ನಾನು. ಮೊದಲ ಮಾತು ಹೇಗೆ ಶುರು ಮಾಡುವುದೋ. "ಅಮ್ಮಾ, ಒಂದು ನಿಮಿಷ" ಎಂದು ಬೆಳಿಗ್ಗೆ ಎದ್ದೊಡನೆ ಶುರು ಮಾಡುತ್ತೇನೆ.