ಉಪ್ಪಿಲ್ಲದ ಸಾರು

ಅಕ್ಟೋಬರ್ 6, ಬೆಳಿಗ್ಗೆ

ಬಾಗಲಗುಂಟೆಯ ಮಹಾಜನಗಳೇ! ಮುಂದೆ ಕೂತ ತಾಯಂದಿರೇ, ಕಾಂಪೌಂಡ್ ಏರಿದ ಪೋಕರಿಗಳೇ! ಸದ್ದಡಗಲಿ! ಹಾರ್ಟ್ ಅಟ್ಯಾಕನ್ನೇ ಹಿಮ್ಮೆಟ್ಟಿಸಿದ ಸೀನ ಮಹಾರಾಜರು ಮಾತ್ರೆ ನುಂಗುವ ಪ್ರಸಂಗ...

ಓದುವವರು ಯಾರೂ ಇಲ್ಲ. ಇರಲಿ.

ರಕ್ತಕ್ಕೊಂದು, ಬಿ.ಪಿ.ಗೊಂದು, ಮೈಯ ನೀರು ಇಳಿಸಲು ಒಂದು. ಆ ನೀರಿನ ಮಾತ್ರೆಯೇ ಶತ್ರು. ನುಂಗಿದರೆ ಮಧ್ಯಾಹ್ನದವರೆಗೂ ಬಚ್ಚಲಿಗೆ ಓಟ. ಫ್ಯಾಕ್ಟರಿ ಗೆಳೆಯರ ರಾಜ್ಯೋತ್ಸವದ ನಾಟಕದಲ್ಲಿ ರಾಜಪಾತ್ರ ನನ್ನದು. ಲೇತ್ ಬಿಟ್ಟು ರಿಟೈರ್ ಆದೆ, ಕಿರೀಟ ಬಿಟ್ಟಿಲ್ಲ.

ಅಕ್ಟೋಬರ್ 12, ಭಾನುವಾರ

ತಾಲೀಮು. ಪದ್ಯ ಎತ್ತಿದೆ. ತಾರಸ್ವರ ಹಿಡಿದೆ — ಪಂಚೆ ಒದ್ದೆ. ಕಾಲಡಿಯ ನೆಲವೂ.

ಹಾರ್ಮೋನಿಯಂ ಮೇಷ್ಟ್ರು ಯಂಕಪ್ಪ ನೋಡಿಬಿಟ್ಟ. ನುಡಿಸುತ್ತಲೇ ಮೊಣಕೈಯಿಂದ ತನ್ನ ನೀರಿನ ಚೊಂಬನ್ನು ನನ್ನತ್ತ ಉರುಳಿಸಿದ.

"ಥೂ ನನ್ ಕೈಗಿಷ್ಟು! ಸೀನ, ಪಂಚೆ ಎಲ್ಲಾ ನೆನೆಸ್ಬಿಟ್ನಲ್ಲೋ... ಹೋಗು, ಬದಲಾಯ್ಸ್ಕೋ."

ಎಲ್ಲರೂ ಅವನನ್ನು ಬೈದರು. ನಾನೂ ಬೈದೆ. ಎಲ್ಲರಿಗಿಂತ ಜೋರಾಗಿ.

ಅಕ್ಟೋಬರ್ 13

ನಾಟಕ ಮುಗಿಯುವವರೆಗೆ ಆ ಮಾತ್ರೆ ಬೇಡ. ಆದರೆ ಹೆಂಡತಿ ಸೀತಾಲಕ್ಷ್ಮಿ ಅಂಗೈಯಲ್ಲಿ ಹಿಡಿದು ಎದುರಿಗೇ ನಿಲ್ಲುತ್ತಾಳೆ. ಎರಡನ್ನು ನುಂಗಿದೆ. ನೀರಿನದು ದವಡೆಗೆ. ತಲೆ ಹಿಂದಕ್ಕೆ, ಕಣ್ಣು ಅರೆಮುಚ್ಚಿ — "ಆಹಾ, ಅಮೃತ!"

"ಶುರುವಾಯ್ತು ಕಂಪನಿ ನಾಟಕ," ಎಂದು ನಕ್ಕಳು.

ಬಾಲ್ಕನಿಗೆ ಹೋಗಿ ದಾಸವಾಳದ ಕುಂಡಕ್ಕೆ ಉಗಿದೆ.

ಅಕ್ಟೋಬರ್ 23

ಮಲಗಿದರೆ ಉಸಿರು ಕಟ್ಟುತ್ತದೆ. ದಿಂಬಿಗೆ ಒರಗಿ ಕೂತೇ ನಿದ್ದೆ. ಪದ್ಯದ ಕೊನೆ ಮುಟ್ಟುವಷ್ಟರಲ್ಲಿ ಏದುಸಿರು. 'ಒನ್ಸ್ ಮೋರ್' ಬಂದರೆ ಗತಿಯೇನು? ಊದಿದ ಕಾಲು ರಾಜನ ಪಾದರಕ್ಷೆಯೊಳಗೆ ಹೋಗಲಿಲ್ಲ. ಡ್ರೆಸ್ಸಿನವನು ಚಿಕ್ಕದು ತಂದಿದ್ದಾನೆಂದು ಗರ್ಜಿಸಿದೆ. ಪಾಪ, ಅವನು ಕ್ಷಮೆ ಕೇಳಿದ.

ಅಕ್ಟೋಬರ್ 24

ಸೀತೆ ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರ್ ಶೈಲಜಾ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಹಾಗೇ ಉಳಿಯಿತು.

"ಸಾರ್, ಅಟ್ಯಾಕ್ ಆದ್ಮೇಲೆ ನಿಮ್ ಹಾರ್ಟ್ ವೀಕ್ ಆಗಿದೆ. ಸರಿಯಾಗಿ ಪಂಪ್ ಮಾಡ್ತಿಲ್ಲ, ನೀರು ತುಂಬ್ಕೋತಿದೆ. ಇನ್ನೂ ಜಾಸ್ತಿಯಾದ್ರೆ ಉಸಿರಿಗೇ ಕುತ್ತು. ಟ್ಯಾಬ್ಲೆಟ್ ತಗೋತಿದೀರಾ?"

ನಾನು ಬಾಯಿ ತೆರೆಯುವ ಮೊದಲೇ ಸೀತೆ, "ದಿನಾ ನನ್ ಕೈಯಾರೆ ಕೊಡ್ತೀನಿ ಮೇಡಂ."

"ಹಾಗಾದ್ರೆ ಉಪ್ಪು. ಅಡುಗೆ ಯಾರಮ್ಮಾ ಮಾಡೋದು?"

"ನಾನೇ... ಹಬ್ಬಕ್ಕೆ ಒಂಚೂರು ಕೋಡುಬಳೆ ಮಾಡಿದ್ದೆ. ಇಷ್ಟಪಟ್ಟು ತಿಂದ್ರು."

"ನೋಡೀಮ್ಮಾ, ನಿಮ್ ಪ್ರೀತಿನೇ ಅವರ ಪ್ರಾಣಕ್ಕೆ ಮುಳುವಾಗ್ಬಾರ್ದು."

ತಲೆ ತಗ್ಗಿಸಿದಳು. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ನನ್ನ ಗಂಟಲು — ಪಿಟಕ್ಕೆನ್ನಲಿಲ್ಲ.

ನೀರಿನ ಮಾತ್ರೆ ಎರಡಾಯಿತು. ಎರಡೂ ಕುಂಡಕ್ಕೆ.

ಅಕ್ಟೋಬರ್ 27

ಉಪ್ಪಿನಕಾಯಿ ಭರಣಿ ಪಕ್ಕದ ಮನೆಗೆ ಹೋಯಿತು. ಸಾರಿಗೆ ಉಪ್ಪಿಲ್ಲ. ಅವಳ ತಟ್ಟೆಯಲ್ಲೂ ಅದೇ ಸಾರು.

"ನೀನ್ಯಾಕೆ ಉಪ್ಪು ಬಿಡ್ತೀಯೇ?"

"ನನ್ ಕೈಗೆ ಬುದ್ಧಿ ಬರ್ಲಿ ಅಂತ ಕಣ್ರೀ."

ಏಳಬೇಕೆಂದರೆ ಉಸಿರು ಸಾಲಲಿಲ್ಲ. ತಟ್ಟೆ ನೋಡುತ್ತಾ ಕೂತೆ.

ಅಕ್ಟೋಬರ್ 28, ಸಂಜೆ

ಯಂಕಪ್ಪ ಊಟಕ್ಕೆ ಬಂದಿದ್ದ. ಸಾರು ಬಾಯಿಗಿಟ್ಟು, "ಏನ್ ತಂಗ್ಯವ್ವಾ, ಇದು ಸಾರೋ, ಸ್ನಾನದ ನೀರೋ?" ಅಂದ.

ಅವಳು ನಗಲಿಲ್ಲ. "ನಾನೇ ಇವರನ್ನ ಹಿಂಗ್ ಮಾಡಿಟ್ಟಿದ್ದು ಅಣ್ಣಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಂಕಪ್ಪ ನನ್ನ ಕಾಲು ನೋಡಿದ. ಮುಖ ನೋಡಿದ. ಚೊಂಬು ಉರುಳಿಸಿ ನನ್ನ ಮಾನ ಕಾದವನು. ಅವನಿಗೂ ಬೈಗುಳ ತಿನ್ನಿಸಿದ್ದೆ. ಈಗ ಇವಳಿಗೆ.

ನಾಳೆ ಬೆಳಿಗ್ಗೆ. ಕಾಫಿಗೂ ಮುಂಚೆ. ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ದನಿ ಏರಿಸುವುದಿಲ್ಲ, ಕೈ ಬೀಸುವುದಿಲ್ಲ. ಒದ್ದೆ ಪಂಚೆಯಿಂದ ಶುರುಮಾಡಿ ಕುಂಡದವರೆಗೆ ಎಲ್ಲ ಹೇಳುತ್ತೇನೆ. ಮಾತ್ರೆ ನುಂಗಿ ಬಾಯಿ ತೆರೆದು ತೋರಿಸುತ್ತೇನೆ, ಮಕ್ಕಳ ಹಾಗೆ. ಡಾಕ್ಟರ ಮುಂದೆಯೂ ಹೇಳುತ್ತೇನೆ, ಅವಳು ಪಕ್ಕದಲ್ಲಿರುವಾಗಲೇ. ಕಿರೀಟ ಬೇರೆಯವರ ತಲೆಗೆ ಹೋಗಲಿ.

ಮೊದಲ ಮಾತು ಬಾಯಿಪಾಠ ಮಾಡಿದ್ದೇನೆ — ಸೀತೂ, ಉಪ್ಪಿನ ತಪ್ಪಲ್ಲ ಕಣೇ, ನಾನು...