ಅಪ್ಪ ಕೆತ್ತಿದ ಮಗ್ಗುಲು

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಪ್ಪಾ,

ನಿನ್ನ ಮಂಡಿ ಹೇಗಿದೆ? ಚಿಕ್ಕಪ್ಪನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಹಾಳು ಮಾಡಿಕೊಂಡಿಲ್ಲ ತಾನೇ? ಚಿಕ್ಕಮ್ಮ ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀಯೋ, ಇಲ್ಲ ಹಚ್ಚಿಕೊಂಡೆ ಎಂದು ಹೇಳಿ ಸೀಸೆಯನ್ನು ಮಂಚದ ಕೆಳಗೆ ತಳ್ಳುತ್ತೀಯೋ ಎಂದು ನಾನು ಕೇಳುವುದಿಲ್ಲ, ಉತ್ತರ ನನಗೆ ಗೊತ್ತು. ಕಲ್ಲಿನ ಧೂಳು ಬಿಟ್ಟು ಎರಡು ವರ್ಷವಾಯಿತಲ್ಲ, ಕೆಮ್ಮಾದರೂ ಕಡಿಮೆಯಾಗಿದೆ ಅಂದುಕೊಳ್ಳುತ್ತೇನೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯನಿಗೆ ಈಗ ಬಸ್ಸಿನಲ್ಲಿ ಬೆಳಗಿನ ಪಾಳಿ, ಹಾಗಾಗಿ ಮಧ್ಯಾಹ್ನದ ಅಡುಗೆ ಅವರದೇ. ಉಪ್ಪು ಹೆಚ್ಚಾದ ದಿನ ನಾನು ತುಟಿ ಪಿಟಕ್ಕೆನ್ನದೆ ಉಣ್ಣುತ್ತೇನೆ, ಯಾಕೆಂದರೆ ಬಾಯಿ ಬಿಟ್ಟರೆ ನಾಳೆಯಿಂದ ಅಡುಗೆ ನನ್ನ ತಲೆಗೆ ಬೀಳುತ್ತದೆ. ಕಿಟಕಿಯ ಹತ್ತಿರದ ನಿನ್ನ ಜಾಗದಲ್ಲೇ ನಾನು ಕೆತ್ತುವುದು. ನೀನು ನಿಂತು ಕೆತ್ತುತ್ತಿದ್ದೆ, ನಾನು ಈಚೆಗೆ ಸ್ಟೂಲು ಹಾಕಿಕೊಂಡಿದ್ದೇನೆ. ಸೋಮಾರಿ ಎನ್ನಬೇಡ.

ಈ ಊರಿನ ಸುದ್ದಿ ನನಗೆ ಬರೆಯಬೇಡ ಎಂದು ನೀನು ಹೇಳಿ ಹೋಗಿದ್ದೆ. ಎರಡು ವರ್ಷ ಆ ಮಾತು ನಡೆಸಿಕೊಟ್ಟೆ, ಇವತ್ತು ಮೀರುತ್ತಿದ್ದೇನೆ. ಮೀರದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನನ್ನ ಮೊದಲ ಮಗು ನಗರದ ಆಸ್ಪತ್ರೆಗೆ ಹೋಗುವ ನಲವತ್ತು ಮೈಲಿಯ ದಾರಿಯಲ್ಲಿ, ವ್ಯಾನಿನ ಹಿಂದಿನ ಸೀಟಿನಲ್ಲಿ, ಉಸಿರಾಡದೆ ಹೋದ ಮೇಲೆ ನೀನು ಒಂದು ವಾರ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಸಂತೆ ಮೈದಾನದ ಪಕ್ಕದ ಆ ಖಾಲಿ ಜಾಗಕ್ಕೆ ಹೋಗಿ, ನೀನೇ ಕೆತ್ತಿದ ಅಡಿಗಲ್ಲಿನ ಮುಂದೆ ನಿಂತು ಬಂದೆ. ಬಂದವನು ಉಳಿ ಸುತ್ತಿಗೆಗಳನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಒಂಬತ್ತು ವರ್ಷದ ಹಿಂದೆ ಇದೇ ಕೈಯಲ್ಲಿ ಸುಳ್ಳು ಕೆತ್ತಿದೀನಿ ಮಗಳೇ, ಆಸ್ಪತ್ರೆ ಬರುತ್ತೆ ಅಂತ ಊರಿಗೆಲ್ಲ ಸಾಕ್ಷಿ ಹೇಳಿದೀನಿ" ಅಂದೆ. ಮರುದಿನದ ಬಸ್ಸಿಗೆ ಚಿಕ್ಕಪ್ಪನ ಮನೆಗೆ ಹೊರಟುಹೋದೆ. ಆ ಮಾತು ಎರಡು ವರ್ಷದಿಂದ ನನ್ನ ಎದೆಯಲ್ಲಿ ಕೂತಿದೆ. ಅದಕ್ಕೆ ಉತ್ತರವೇ ಈ ಪತ್ರ, ಆದ್ದರಿಂದ ಕನ್ನಡಕ ಹಾಕಿಕೊಂಡು ಪೂರ್ತಿ ಓದು, ಅರ್ಧಕ್ಕೆ ಮಡಚಿ ದಿಂಬಿನ ಕೆಳಗೆ ಇಡಬೇಡ.

ಎರಡು ತಿಂಗಳ ಹಿಂದೆ ಆ ಅಡಿಗಲ್ಲು ಕಾಣೆಯಾಯಿತು. ಮೇಕೆಗಳು ಬೆನ್ನು ತಿಕ್ಕಿಕೊಳ್ಳುತ್ತಿದ್ದ ಇಟ್ಟಿಗೆ ಕಂಬ ಮಾತ್ರ ಉಳಿದಿತ್ತು, ನಡುವೆ ಚೌಕಾಕಾರದ ತೂತು. ಯಾರೋ ಬಟ್ಟೆ ಒಗೆಯಲಿಕ್ಕೆ ಹೊತ್ತುಕೊಂಡು ಹೋಗಿರಬೇಕು ಎಂದು ಜನ ನಕ್ಕರು. ಬೇಸರ ಯಾರಿಗೂ ಆಗಲಿಲ್ಲ. ಇಲ್ಲಿಯ ಜನರ ಬಾಯಲ್ಲಿ ಈಚೆಗೆ ಇದ್ದದ್ದು ಒಂದೇ ಮಾತು, ಯಾರು ಬಂದರೂ ಅಷ್ಟೇ. ಓಟಿನ ದಿನ ಅರ್ಧ ಊರು ಮನೆಯಲ್ಲೇ ಮಲಗಿತ್ತು. ಸಭೆ ಎಂದರೆ ನೆರಳಿಗೂ ಕುರ್ಚಿಗೂ ಹೋಗುವುದು, ಚಪ್ಪಾಳೆ ಹೊಡೆ ಎಂದಾಗ ಹೊಡೆದು ಬರುವುದು. ದೇಶದ ಸಾಲ ಇಷ್ಟಾಗಿದೆ, ಹುಟ್ಟುವ ಪ್ರತಿ ಮಗುವಿನ ತಲೆಯ ಮೇಲೂ ಇಷ್ಟು ಬೀಳುತ್ತದೆ ಎಂದು ಪತ್ರಿಕೆಯಲ್ಲಿ ಬಂದ ದಿನ ಚಹದ ಅಂಗಡಿಯವನು ಅದನ್ನು ಗಟ್ಟಿಯಾಗಿ ಓದಿ, "ಹುಟ್ಟೋದಕ್ಕೆ ಮಂಚ ಇಲ್ಲ, ಸಾಲ ಮಾತ್ರ ರೆಡಿ ಇದೆ ನೋಡಿ" ಅಂದ. ಅದಕ್ಕೂ ಜನ ನಕ್ಕು ಲೋಟ ಕೆಳಗಿಟ್ಟು ಕೆಲಸಕ್ಕೆ ಹೋದರು. ನಾನೂ ಹೋದೆ.

ಅದಾಗಿ ಹತ್ತು ದಿನಕ್ಕೆ ಗುತ್ತಿಗೆದಾರ ಒಂದು ಚಪ್ಪಡಿ ಇಳಿಸಿದ. ಗೊತ್ತಲ್ಲ, ಅದೇ ನಿನ್ನ ಬಾಕಿ ಕೊಡುವಾಗ ಪ್ರತಿ ಸಲ ಚಿಲ್ಲರೆ ಇಲ್ಲ ಎನ್ನುತ್ತಿದ್ದವನು. ಹೆರಿಗೆ ಆಸ್ಪತ್ರೆಗೆ ಮತ್ತೆ ಅಡಿಗಲ್ಲಂತೆ, ಮಂತ್ರಿಗಳು ಬರುತ್ತಾರಂತೆ, ಎಂಟು ದಿನದಲ್ಲಿ ಬೇಕಂತೆ. ಮಂತ್ರಿ ಎಂದರೆ ಆ ಹಳೆಯ ಕಲ್ಲು ಹಾಕಿದ ನಮ್ಮ ಅಡಿಗಲ್ಲು ಸಾಹೇಬರೇ. ಆಗ ಬರಿಯ ಶಾಸಕರಾಗಿದ್ದರು, ಈಗ ಪಕ್ಷವೂ ಬೇರೆ, ಕಾರೂ ಉದ್ದ. ಚಪ್ಪಡಿಯ ಮೇಲ್ಮೈಗೆ ಹೊಸ ಹೊಳಪು ಕೊಟ್ಟಿದ್ದರು. ಹಿಂಬದಿಗೆ ಸುಣ್ಣದ ಗಾರೆ ಮೆತ್ತಿತ್ತು. ಬರೆಯುವ ಮುಂಚೆ ಹಿಂಬದಿ ತೊಳೆದು ಬಿರುಕು ನೋಡಬೇಕು ಎಂದು ನಾನು ಹತ್ತು ವರ್ಷದವಳಿದ್ದಾಗ ಕಲಿಸಿದವನು ನೀನು. ಗುತ್ತಿಗೆದಾರನಿಗೆ ಯಾರೂ ಕಲಿಸಿರಲಿಲ್ಲ. ನಾನು ಗಾರೆಯನ್ನು ಒದ್ದೆ ಮಾಡಿ ಕೆರೆದೆ. ಮೊದಲು ಕಂಡದ್ದು ಒಂದು ಕೊಂಬು, ಆಮೇಲೆ ಒಂದು ಒತ್ತಕ್ಷರ, ಬಾಲ ಎಡಕ್ಕೆ ಸ್ವಲ್ಪ ಜಾಸ್ತಿ ಎಳೆದದ್ದು. ಹಾಗೆ ಎಳೆಯುವವರು ಈ ಸೀಮೆಯಲ್ಲಿ ಒಬ್ಬರೇ. ಅಪ್ಪಾ, ನಾನು ಆ ಬಾಲದ ಮೇಲೆ ಬೆರಳಾಡಿಸಿದೆ. ನಿನ್ನ ಕೈಯನ್ನೇ ಹಿಡಿದ ಹಾಗಾಯಿತು, ಅತ್ತುಬಿಟ್ಟೆ.

ಪೂರ್ತಿ ತೊಳೆದಾಗ ಎಲ್ಲ ಇತ್ತು. "ಇನ್ನೆರಡು ವರ್ಷದಲ್ಲಿ ಸೇವೆಗೆ ಸಿದ್ಧವಾಗುವ ಹೆರಿಗೆ ಆಸ್ಪತ್ರೆ", ಕೆಳಗೆ ಅದೇ ಮನುಷ್ಯನ ಹೆಸರು, ಅದರ ಕೆಳಗೆ ಹನ್ನೊಂದು ವರ್ಷದ ಹಿಂದಿನ ತಾರೀಖು. ನೀನು ಯಾವಾಗಲೂ ತಾರೀಖನ್ನು ಕೊನೆಗೆ, ಉಳಿದದ್ದಕ್ಕಿಂತ ಒಂದು ನೂಲು ಆಳವಾಗಿ ಕೆತ್ತುತ್ತೀಯಲ್ಲ, ಹಾಗೇ ಇತ್ತು. ಒಂದು ಗೀಟೂ ಸವೆದಿರಲಿಲ್ಲ. ಹಳೆಯ ಕಲ್ಲನ್ನೇ ಕಿತ್ತು ತಂದು, ಹೊಸ ಕಲ್ಲೆಂದು ಸರಕಾರಕ್ಕೆ ಲೆಕ್ಕ ಕೊಟ್ಟು, ಅದನ್ನು ಕೆತ್ತಿದ ಅಂಗಡಿಗೇ ತಂದು ಇಳಿಸಿದ್ದಾನೆ ಎಂದರೆ ಅವನ ಧೈರ್ಯಕ್ಕೆ ಏನನ್ನಬೇಕು. ಧೈರ್ಯವೂ ಅಲ್ಲ, ಅಸಡ್ಡೆ. ಯಾರು ನೋಡುತ್ತಾರೆ ಎಂಬ ನಂಬಿಕೆ.

ನಾನೇನು ಆಗಲೇ ಶೂರಳಾಗಲಿಲ್ಲ. ಮುಂಗಡ ತೆಗೆದುಕೊಂಡಿದ್ದೆ, ಹೇಳಿದ ಹಾಗೆ ಹೊಳಪಿನ ಬದಿಗೆ ಹೊಸ ಬರಹ ಕೆತ್ತಿದೆ. ಅದರಲ್ಲಿ ವರ್ಷದ ಮಾತೇ ಇರಲಿಲ್ಲ, "ಶೀಘ್ರದಲ್ಲಿ" ಎಂದಷ್ಟೇ ಇತ್ತು. ಸಭೆಯ ಹಿಂದಿನ ದಿನ ಕಲ್ಲನ್ನು ಕಂಬಕ್ಕೆ ಕೂರಿಸಲು ಹೋದೆವು. ಗಾರೆ ಮಾಮ ಸಿಮೆಂಟು ಕಲಸಿಟ್ಟುಕೊಂಡು, ಕಲ್ಲಿನ ಎರಡೂ ಬದಿ ನೋಡಿ, ಬೀಡಿಯನ್ನು ಬಾಯಿಂದ ತೆಗೆದು ಕೇಳಿದ, "ಯಾವ ಮಗ್ಗುಲು ಹೊರಗೆ ಬರಬೇಕವ್ವ?" ಸುಮ್ಮನೆ ಕೇಳಿದ್ದು ಅವನು. ನನಗೆ ಮಾತ್ರ ಆ ವ್ಯಾನಿನ ಸೀಟು ನೆನಪಾಯಿತು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ ಎನ್ನುತ್ತಿದ್ದ ನಿನ್ನ ದನಿಯೂ ನೆನಪಾಯಿತು. "ಅಪ್ಪ ಕೆತ್ತಿದ್ದು ಹೊರಗೆ" ಅಂದೆ. ಗಾರೆ ಮಾಮ ಬೀಡಿ ಬಾಯಿಗಿಟ್ಟು, ಹಾಗೇ ಕೂರಿಸಿದ. ಅಂಚಿಗೆ ಸಿಮೆಂಟನ್ನು ಮಾಮೂಲಿಗಿಂತ ಎರಡು ಪಟ್ಟು ಹಾಕಿದ. ಮೇಲೆ ಪರದೆ ಬಿತ್ತು.

ಮರುದಿನದ ವೈಭವ ನೀನು ನೋಡಬೇಕಿತ್ತು. ಮೈದಾನಕ್ಕೆಲ್ಲ ನೀಲಿ ಬಟ್ಟೆ, ತಂಪು ಬೀಸುವ ಯಂತ್ರಗಳು ಹನ್ನೆರಡು, ಕಾರಿನಿಂದ ವೇದಿಕೆಯ ತನಕ ಕೆಂಪು ಹಾಸು. ಸಾಹೇಬರು ಒಂದು ಹೊತ್ತು ಊಟ ಮಾಡಿ ಕಾಲು ಚಾಚಲೆಂದು ಸರಕಾರಿ ಅತಿಥಿಗೃಹಕ್ಕೆ ಹೊಸ ಬಣ್ಣ, ಹೊಸ ಹಾಸಿಗೆ. ವರ್ಷಕ್ಕೆ ಮೂರು ದಿನ ಬೀಗ ತೆಗೆಯುವ ಮನೆ ಅದು. ಅಷ್ಟೆಲ್ಲದರ ನಡುವೆ ನಿಂತು ಅವರು ಮುಕ್ಕಾಲು ಗಂಟೆ ಮಾಡಿದ ಭಾಷಣ ಏನು ಗೊತ್ತಾ? ಬೊಕ್ಕಸ ಖಾಲಿಯಾಗಿದೆ, ದೇಶ ಸಾಲದಲ್ಲಿದೆ, ಹಿಂದಿನವರು ದುಂದು ಮಾಡಿದರು, ಜನ ಹೊಟ್ಟೆ ಬಟ್ಟೆ ಕಟ್ಟಿ ಸಹಕರಿಸಬೇಕು. ಆಸ್ಪತ್ರೆ ಬರುತ್ತದೆ, ಆದರೆ ತಾಳ್ಮೆ ಬೇಕು. ಜನ ಹೇಳಿದಲ್ಲಿ ಚಪ್ಪಾಳೆ ಹೊಡೆದರು. ಆಮೇಲೆ ಸಾಹೇಬರು ಹಗ್ಗ ಎಳೆದರು, ಪರದೆ ಸರಿಯಿತು. ಫೋಟೋಗಾಗಿ ಕನ್ನಡಕ ತೆಗೆದಿದ್ದರಿಂದ ಅವರಿಗೆ ಕಲ್ಲು ಕಂಡಿತೇ ಹೊರತು ಅಕ್ಷರ ಕಾಣಲಿಲ್ಲ. ಕ್ಯಾಮರಾ ಕಡೆ ತಿರುಗಿ ನಕ್ಕರು.

ಮೈಕಿನ ಮುಂದೆ ಇದ್ದವನು ಕಚೇರಿಯ ಹಳೇ ಗುಮಾಸ್ತ. ಎದುರಿಗೆ ಏನು ಬರೆದಿದ್ದರೂ ಅರ್ಥದ ಗೊಡವೆಗೆ ಹೋಗದೆ ಓದುವ ಅಭ್ಯಾಸ ಅವನದು, ಮೂವತ್ತು ವರ್ಷದ್ದು. ಗಂಟಲು ಸರಿಮಾಡಿಕೊಂಡು, ರಾಗವಾಗಿ, ಇನ್ನೆರಡು ವರ್ಷದಲ್ಲಿ ಸೇವೆಗೆ ಸಿದ್ಧವಾಗುವ ಎಂದು ಶುರು ಮಾಡಿ, ಸಾಹೇಬರ ಹೆಸರು ಓದಿ, ಹನ್ನೊಂದು ವರ್ಷದ ಹಿಂದಿನ ತಾರೀಖನ್ನೂ ಸ್ಪಷ್ಟವಾಗಿ ಓದಿ ಮುಗಿಸಿದ. ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಸಾಹೇಬರು ತಾವೇ ಚಪ್ಪಾಳೆ ಹೊಡೆಯುತ್ತಿದ್ದರು, ಅವರೊಬ್ಬರೇ. ಹೆಂಗಸರ ಸಾಲಿನಿಂದ ಯಾರೋ ಒಬ್ಬರು ನಕ್ಕರು. ಆ ನಗು ಹಿಂದಕ್ಕೆ ಹೋಗಿ, ಗೇಟಿನ ತನಕ ಹೋಗಿ ವಾಪಸು ಬಂತು. ಪೊಲೀಸಿನವರೂ ಮುಖ ಆ ಕಡೆ ಮಾಡಿಕೊಂಡು ಭುಜ ಕುಣಿಸುತ್ತಿದ್ದರು. ಆಮೇಲೆ ನಗು ನಿಂತಿತು. ನಿಂತ ಮೇಲೆ ಯಾರೂ ಎದ್ದು ಹೋಗಲಿಲ್ಲ, ಆಗಲೇ ನನಗೆ ಗೊತ್ತಾಯಿತು ಇದು ದಿನನಿತ್ಯದ ನಗುವಲ್ಲ ಎಂದು.

ದಾದಿಯಮ್ಮ ಎದ್ದಳು. ಈ ಊರಿನ ಅರ್ಧ ಜನರ ಹೊಕ್ಕುಳ ಬಳ್ಳಿ ಕತ್ತರಿಸಿದವಳು, ನನ್ನ ಜೊತೆ ಆ ವ್ಯಾನಿನಲ್ಲಿ ಇದ್ದವಳು. ವೇದಿಕೆಯ ಮೆಟ್ಟಿಲು ಹತ್ತಿ ಗುಮಾಸ್ತನ ಕೈಯಿಂದ ಮೈಕು ತೆಗೆದುಕೊಂಡಳು, ಅವನು ಕೊಟ್ಟೂಬಿಟ್ಟ. ಅವಳು ಕೂಗಲಿಲ್ಲ. "ದುಡ್ಡಿಲ್ಲ ಅಂತೀರಿ, ಒಪ್ಪಿದ್ವಿ ಸಾಹೇಬ್ರೆ. ಕಟ್ಟಬೇಡಿ. ಅತಿಥಿಗೃಹದಲ್ಲಿ ಎಂಟು ಕೋಣೆ ಇದಾವೆ, ಹದಿನಾರು ಹಾಸಿಗೆ, ಬಿಸಿನೀರು, ನಿನ್ನೆ ತಾನೆ ಬಣ್ಣ ಹೊಡೆಸಿದೀರಿ. ಬೀಗದ ಕೈ ಕೊಡಿ, ಸಾಕು." ಇಷ್ಟೇ. ಅಷ್ಟು ಹೇಳಿ ಇಳಿದು ಅತಿಥಿಗೃಹದ ಕಡೆ ನಡೆದಳು. ಅವಳ ಹಿಂದೆ ನಾನು, ನನ್ನ ಹಿಂದೆ ಗಾರೆ ಮಾಮ, ಅವನ ಹಿಂದೆ ತಿರುಗಿ ನೋಡಿದರೆ ಇಡೀ ಮೈದಾನ. ಯಾರೂ ಒಂದು ಕಲ್ಲು ಎಸೆಯಲಿಲ್ಲ, ಒಂದು ಗಿಡ ಮುರಿಯಲಿಲ್ಲ. ಹುಲ್ಲಿನ ಮೇಲೆ, ಮೆಟ್ಟಿಲ ಮೇಲೆ, ಗೇಟಿನಿಂದ ಬಾಗಿಲ ತನಕ ಸುಮ್ಮನೆ ಕೂತೆವು. ಸಾಹೇಬರ ಊಟ ಒಳಗೆ ಆರುತ್ತಿತ್ತು, ಸಾಹೇಬರು ಹೊರಗೆ ಕಾರಿನಲ್ಲಿ ಬೆವರುತ್ತಿದ್ದರು. ಯಾರು ಬಂದರೂ ಅಷ್ಟೇ ಎನ್ನುತ್ತಿದ್ದ ಚಹದ ಅಂಗಡಿಯವನು ಬಕೆಟ್ಟಿನಲ್ಲಿ ಚಹ ತಂದು ಎಲ್ಲರಿಗೂ ಹಂಚಿದ, ದುಡ್ಡು ಕೇಳಲಿಲ್ಲ. ಇದನ್ನು ನೀನು ನಂಬದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ಸಂಜೆ ಐದಕ್ಕೆ, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಅತಿಥಿಗೃಹವನ್ನು ಹೆರಿಗೆ ಮನೆಗೆ ಬಿಟ್ಟುಕೊಟ್ಟ ಆದೇಶಕ್ಕೆ ಅವರು ಸಹಿ ಹಾಕಿದರು. ಮರುದಿನದ ಪತ್ರಿಕೆಯಲ್ಲಿ ಅದು ಅವರದೇ ಯೋಚನೆ ಎಂದು ಬಂದಿತ್ತು. ಬರಲಿ ಬಿಡು, ಬೀಗದ ಕೈ ದಾದಿಯಮ್ಮನ ಸೊಂಟದಲ್ಲಿದೆ.

ಗುತ್ತಿಗೆದಾರ ಅಂಗಡಿಗೆ ಬಂದು ಕಣ್ಣು ಕೆಂಪಗೆ ಮಾಡಿಕೊಂಡು ಹಾರಾಡಿದ. ಕಲ್ಲನ್ನು ಹಿಂದುಮುಂದಾಗಿ ಕೂರಿಸಿ ತನ್ನ ಮಾನ ಕಳೆದೆ, ದೂರು ಕೊಡುತ್ತೇನೆ ಅಂದ. ಕೊಡಿ, ಆದರೆ ಹೊಸ ಕಲ್ಲಿನ ಹಿಂದೆ ನಮ್ಮಪ್ಪನ ಬರಹ ಹೇಗೆ ಬಂತು ಎಂದು ಅದರಲ್ಲೇ ಬರೆದು ಕೊಡಿ ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹಾಗಾಗಿ ಕಲ್ಲನ್ನು ಯಾರೂ ಕೀಳುವಂತಿಲ್ಲ, ಅಲ್ಲೇ ಇದೆ. ಮೇಕೆಗಳು ಮತ್ತೆ ಬೆನ್ನು ತಿಕ್ಕಿಕೊಳ್ಳುತ್ತಿವೆ.

ಇದೆಲ್ಲ ಆಗಿ ಆರು ವಾರವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಮತ್ತೆ ಬೀಗ ಬೀಳುತ್ತದೇನೋ ಎಂಬ ಭಯಕ್ಕೆ. ಬಿದ್ದಿಲ್ಲ. ಡಾಕ್ಟರಮ್ಮ ಬಂದಿದ್ದಾಳೆ, ಪುಸ್ತಕದಲ್ಲಿ ಸಹಿ ಹಾಕಿ ಓಡುವ ಪೈಕಿಯಲ್ಲ. ನಿನ್ನೆಯ ತನಕ ಹನ್ನೊಂದು ಮಕ್ಕಳು ಅಲ್ಲಿ ಹುಟ್ಟಿ ಅತ್ತಿವೆ. ಸಾಲ ತಲೆಯ ಮೇಲೆ ಇದ್ದೇ ಇದೆ, ಆದರೆ ತಲೆಯ ಕೆಳಗೆ ದಿಂಬೂ ಇದೆ ಎನ್ನುತ್ತಾನೆ ಚಹದವನು. ಬಾಗಿಲಿಗೆ ಒಂದು ಕಲ್ಲು ಬೇಕೆಂದು ಊರವರೇ ಚಪ್ಪಡಿ ತಂದುಕೊಟ್ಟಿದ್ದಾರೆ, ಹೊಸದು, ನಾನು ಹಿಂಬದಿ ನೋಡಿದ್ದೇನೆ. "ಹೆರಿಗೆ ಮನೆ" ಎಂದಷ್ಟೇ ಕೆತ್ತಿದ್ದೇನೆ, ಯಾರ ಹೆಸರೂ ಇಲ್ಲ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನಾನು ಕೆತ್ತುವುದಿಲ್ಲ.

ಅಪ್ಪಾ, ನೀನು ಸುಳ್ಳು ಕೆತ್ತಲಿಲ್ಲ. ಸುಳ್ಳು ಹೇಳಿದವರು ಬೇರೆ, ನೀನು ಅದನ್ನು ಅಳಿಸಲಾರದ ಹಾಗೆ ಬರೆದಿಟ್ಟೆ. ಬೇರೆ ಯಾರಾದರೂ ಮೇಲೆ ಮೇಲೆ ಗೀಚಿದ್ದರೆ ಹನ್ನೊಂದು ವರ್ಷದ ಮಳೆಗೆ, ಮೇಕೆಗೆ, ಗಾರೆಗೆ ಎಲ್ಲ ಹೋಗಿರುತ್ತಿತ್ತು. ಗುಮಾಸ್ತ ಓದಲಿಕ್ಕೆ ಏನೂ ಇರುತ್ತಿರಲಿಲ್ಲ. ಇದನ್ನು ನಿನಗೆ ಹೇಳಬೇಕಿತ್ತು. ಚಿಕ್ಕಪ್ಪ ಚಿಕ್ಕಮ್ಮನಿಗೆ ನಮ್ಮಿಬ್ಬರ ನಮಸ್ಕಾರ, ಅವರ ಮನೆ ಸದಾ ತುಂಬಿರಲಿ, ಆದರೆ ನಿನ್ನಿಂದ ಅಲ್ಲ. ನಿನ್ನ ಉಳಿಗಳಿಗೆ ಸಾಣೆ ಹಿಡಿಸಿದ್ದೇನೆ.

ನಿನ್ನ ಜಾಗದಲ್ಲಿ ಕೂತು ಕೆತ್ತುತ್ತಿರುವ,
ನಿನ್ನ ಮಗಳು

ಮರೆತೆ ಅನ್ನಬೇಡ, ಹೆದರಿ ಕೊನೆಗೆ ಇಟ್ಟುಕೊಂಡೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ: ನನಗೆ ಏಳು ತಿಂಗಳು. ಹೋದ ಸಲದ್ದು ನೆನೆದು ನಿನಗೆ ಹೇಳಲು ಬಾಯಿ ಬಂದಿರಲಿಲ್ಲ. ಎಲ್ಲ ಸರಿಯಾಗಿದೆ, ಡಾಕ್ಟರಮ್ಮ ವಾರಕ್ಕೊಮ್ಮೆ ನೋಡುತ್ತಾಳೆ, ಸ್ಟೂಲು ಅವಳದೇ ಅಪ್ಪಣೆ. ನಾಲ್ಕನೇ ಕೋಣೆ, ಕಿಟಕಿ ಪಕ್ಕದ ಹಾಸಿಗೆ, ಸಾಹೇಬರು ಕಾಲು ಚಾಚಬೇಕಿದ್ದದ್ದು. ಅಂಗಡಿಯಿಂದ ಅಲ್ಲಿಗೆ ನಿನ್ನೆ ಎಣಿಸುತ್ತಾ ನಡೆದು ನೋಡಿದೆ. ಆರುನೂರ ಹನ್ನೆರಡು ಹೆಜ್ಜೆ. ನಿನ್ನ ಆ ಮಂಡಿಯಲ್ಲೂ ನಡೆದು ಬರಬಹುದು.